ಅಡುಗೆಭಟ್ಟನಿಲ್ಲದ ಬಾಟಲಿ: ಜೈವಿಕ ಗೊಬ್ಬರ ಸಂಸ್ಥೆಗೊಂದು ದೂರು

ಇಂದ: ಗುಳ್ಳ (ಬದನೆ) ಬೆಳೆಗಾರ, ಮಟ್ಟು ಗ್ರಾಮ, ಉಡುಪಿ ಜಿಲ್ಲೆ
ಗೆ: ವ್ಯವಸ್ಥಾಪಕರು, ಗ್ರಾಹಕ ವಿಭಾಗ
ವಿಷಯ: ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾದ ದ್ರವ ಗೊಬ್ಬರದ 6 ಬಾಟಲಿಗಳ ಬಗ್ಗೆ

ಮಾನ್ಯರೇ,

ಸೆಪ್ಟೆಂಬರ್ ಕೊನೆಯಲ್ಲಿ ಕಟಪಾಡಿ ಪೇಟೆಯ ಅಂಗಡಿಯಿಂದ ನಿಮ್ಮ ಗೊಬ್ಬರದ 6 ಬಾಟಲಿ ಕೊಂಡೆ. ಒಂದಕ್ಕೆ 420 ರೂಪಾಯಿಯಂತೆ 2,520 ರೂಪಾಯಿ. ರಸೀದಿಯ ಪ್ರತಿ ಜೊತೆಗಿದೆ. ‘ಹನಿಹನಿಯಲ್ಲೂ ಬೇರಿನ ಹಾರ್ಮೋನು’ ಎಂದು ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ.

ಗುಳ್ಳದ ಸಸಿಗಳ ಬೇರನ್ನು ನಿಮ್ಮ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿ 12 ಸಾಲು ನೆಟ್ಟೆ. ಅದೇ ಮಡಿಯ ಸಸಿಗಳನ್ನು ಬರಿಯ ನೀರಿನಲ್ಲಿ ಅದ್ದಿ ಪಕ್ಕದಲ್ಲೇ 4 ಸಾಲು ನೆಟ್ಟೆ. 45ನೆಯ ದಿನ ಎರಡೂ ಕಡೆಯಿಂದ ಐದೈದು ಗಿಡ ಅಗೆದು, ಬಕೆಟಿನಲ್ಲಿ ಮಣ್ಣು ತೊಳೆದು, ಗೋಣಿಯ ಮೇಲೆ ಹರವಿದೆ. ಬೇರಿನ ಉದ್ದದಲ್ಲಾಗಲಿ ಕವಲಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಮದ್ದು ಕಂಡದ್ದು ಯಾವುದು ಹೇಳು ಎಂದು ಹೆಂಡತಿಯನ್ನು ಕರೆದು ಕೇಳಿದರೆ, ಅವಳು ತೋರಿಸಿದ್ದು ಬರಿಯ ನೀರಿನದ್ದನ್ನು.

ಬ್ಯಾಕ್ಟೀರಿಯಾದ ಮೇಲೆ ನನಗೆ ತಕರಾರಿಲ್ಲ. ಹಿಂದೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವನು ನಾನು, ಓದಿದ್ದಕ್ಕಿಂತ ಕಳೆ ಕಿತ್ತದ್ದೇ ಹೆಚ್ಚಾದರೂ. ಗಿಡ ತನ್ನ ಬೇರಿನಿಂದ ಸಕ್ಕರೆ, ಅಮೈನೋ ಆಮ್ಲಗಳನ್ನು ಮಣ್ಣಿಗೆ ಒಸರುತ್ತದೆ. ಅದರಲ್ಲಿನ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವನ್ನು ಅಜೋಸ್ಪಿರಿಲಂ ಇಂಡೋಲ್ ಅಸಿಟಿಕ್ ಆಮ್ಲವಾಗಿ, ಅಂದರೆ ಆಕ್ಸಿನ್ ಹಾರ್ಮೋನಾಗಿ ಮಾರ್ಪಡಿಸುತ್ತದೆ. ಅದು ಹದವಾಗಿ ಸಿಕ್ಕರೆ ಬೇರು ಕವಲೊಡೆದು ನೀರು, ಸಾರ ಎರಡನ್ನೂ ಹೆಚ್ಚು ಹೀರುತ್ತದೆ. ಅಡುಗೆ ನಡೆಯುವುದು ಬೇರಿನ ಬುಡದಲ್ಲಿ. ಸಾಮಾನು ಗಿಡದ್ದು, ಕೈ ಬ್ಯಾಕ್ಟೀರಿಯಾದ್ದು. ಬಾಟಲಿಯಲ್ಲಿ ಬರಬೇಕಾದವನು ಉಸಿರಾಡುವ ಅಡುಗೆಭಟ್ಟ, ಮಾಡಿಟ್ಟ ಸಾರಲ್ಲ. ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಸಂಶಯ ಬಂದು ಬಾಟಲಿಯನ್ನು ತಿರುಗಿಸಿ ನೋಡಿದೆ. ಅವಧಿ ಮುಗಿಯುವ ದಿನಾಂಕದ ಮೇಲೆ ಬೆರಳಗಲದ ಬಿಳಿ ಚೀಟಿ. ಒದ್ದೆ ಬಟ್ಟೆಯಿಂದ ನೆನೆಸಿ ಉಗುರಿನಿಂದ ಎಬ್ಬಿಸಿದರೆ ಅಡಿಯಲ್ಲಿ ಇನ್ನೊಂದು ದಿನಾಂಕ, ನಾನು ಕೊಳ್ಳುವ 7 ತಿಂಗಳ ಮೊದಲೇ ದಾಟಿದ್ದು. ಆರರಲ್ಲೂ ಹೀಗೆಯೇ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ದ್ರವರೂಪದ ಅಜೋಸ್ಪಿರಿಲಂನಲ್ಲಿ ಪ್ರತಿ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ನಿಮ್ಮ ಬಾಟಲಿಯ ಮೇಲೆ ಸಂಖ್ಯೆಯೇ ಇಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಅವು ಸಂಜೆಯ ಬಿಸಿಲು ಕಾಯಿಸಿಕೊಂಡು ನಿಂತಿದ್ದವು; ಬಿಸಿಲಿಗಿಡಬಾರದೆಂದು ಅಂಗಡಿಯವರಿಗೆ ನೀವು ಹೇಳಿಯೇ ಇಲ್ಲವಂತೆ.

ಇನ್ನು ಕರಪತ್ರ. ಸೊರಗು ರೋಗ ಬಾರದಂತೆ ಈ ಗೊಬ್ಬರಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಮದ್ದು ಬೆರೆಸಿ ಒಂದೇ ಕ್ಯಾನಿನಿಂದ ಬುಡಕ್ಕೆ ಸುರಿಯಿರಿ ಎಂದು ಬರೆದಿದ್ದೀರಿ. ತಾಮ್ರ ಬ್ಯಾಕ್ಟೀರಿಯಾಕ್ಕೆ ವಿಷ. ಇದು ರೋಗದ್ದು, ಇದು ಕಂಪನಿಯದ್ದು ಎಂದು ಅದು ಮುಖ ನೋಡಿ ಬಿಡುವುದಿಲ್ಲ. ನಾನು ಬೆರೆಸಲಿಲ್ಲ, ಕರಪತ್ರ ನಂಬಿದ ನೆರೆಯವರು ಬೆರೆಸಿದ್ದಾರೆ.

ನಿಮ್ಮ ಸಹಾಯವಾಣಿಯವರು ಮೊದಲು ಪ್ರಮಾಣ ದುಪ್ಪಟ್ಟು ಮಾಡಿ ಎಂದರು. ಬ್ಯಾಕ್ಟೀರಿಯಾ ಸತ್ತಿದ್ದರೆ ದುಪ್ಪಟ್ಟು ಸೊನ್ನೆಯೂ ಸೊನ್ನೆಯೇ; ಬದುಕಿದ್ದರೆ, ಆಕ್ಸಿನ್ ಅತಿಯಾದಾಗ ಬೇರು ಉದ್ದಕ್ಕೆ ಬೆಳೆಯುವುದೇ ನಿಲ್ಲುತ್ತದೆ. ಎರಡನೆಯ ಸಲ, ನಿಮ್ಮ ಗದ್ದೆಯಲ್ಲಿ ಉಪ್ಪಿನಂಶವಿದೆ ಎಂದರು. ಇದೆ, ಹೊಳೆ ಒಂದು ಕಡೆ, ಕಡಲು ಇನ್ನೊಂದು ಕಡೆ ಇರುವ ಊರು ನಮ್ಮದು. ಉಪ್ಪು ಹೆಚ್ಚಿದಾಗ ಗಿಡದಲ್ಲಿ ಎಥಿಲೀನ್ ಎಂಬ ಇನ್ನೊಂದು ಹಾರ್ಮೋನು ಏರಿ ಬೇರು ಕುಗ್ಗುತ್ತದೆ, ಎಥಿಲೀನಿನ ಕಚ್ಚಾವಸ್ತುವನ್ನೇ ಒಡೆದು ಅದನ್ನು ತಗ್ಗಿಸುವ ಬ್ಯಾಕ್ಟೀರಿಯಾಗಳೂ ಇವೆ. ಹಾಗೆಂದು ಹೇಳಿಯೇ ನಿಮ್ಮ ಪ್ರತಿನಿಧಿ ನನಗೆ ಇದನ್ನು ಮಾರಿದ್ದು. ಮಾರುವಾಗ ಉಪ್ಪಿಗೆ ಮದ್ದು, ದೂರು ಬಂದಾಗ ಉಪ್ಪೇ ನೆಪ!

ನನ್ನ ಹಣ ಪೂರ್ತಿ ಮರಳಬೇಕು. ಈ ಬ್ಯಾಚಿನ ಬಾಟಲಿಗಳ ಜೀವಂತ ಕೋಶ ಎಣಿಕೆಯ ಪ್ರಯೋಗಾಲಯ ವರದಿ ಬೇಕು. ಕಟಪಾಡಿಯ ಅಂಗಡಿಯಲ್ಲಿ ಉಳಿದ ಬಾಟಲಿಗಳನ್ನೂ ಆ ಕರಪತ್ರವನ್ನೂ ಹಿಂದಕ್ಕೆ ಪಡೆಯಬೇಕು. 15 ದಿನಗಳಲ್ಲಿ ಉತ್ತರ ಬರದಿದ್ದರೆ ಉಡುಪಿಯ ಕೃಷಿ ಇಲಾಖೆಗೂ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಮುಚ್ಚಳ ತೆರೆಯದ 2 ಬಾಟಲಿಗಳನ್ನು ಅದಕ್ಕಾಗಿಯೇ ನೆರಳಿನಲ್ಲಿ ಇಟ್ಟಿದ್ದೇನೆ, ಎಬ್ಬಿಸಿದ ಚೀಟಿಗಳ ಸಮೇತ.

ಇಂತಿ,
ಮಟ್ಟುವಿನ ಗುಳ್ಳ ಬೆಳೆಗಾರ