ಟ್ರಕ್ ಟ್ರೇನಿಂಗಿಗೆ ಹೊರಟ ಅಳಿಯನಿಗೆ

ಚಿ. ಪ್ರವೀಣನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ಇಂಡಿಯಾನಾದಲ್ಲಿ ನಾವೆಲ್ಲ ಕ್ಷೇಮ.

ಹಾಸನದಿಂದ ಅಕ್ಕ ಫೋನ್ ಮಾಡಿದ್ದಳು. ನೀನು ಡಲ್ಲಾಸಿನ ವೇರ್‌ಹೌಸ್ ಕೆಲಸ ಬಿಡಲು ಹೊರಟು ದೊಡ್ಡ ಟ್ರಕ್ ಕಂಪನಿಯೊಂದರ ಟ್ರೇನಿಂಗಿಗೆ ಹೆಸರು ಕೊಟ್ಟಿದ್ದೀಯಂತೆ. "ಲಾರಿ ಕೆಲಸ ಬೇಡ ಅಂತ ನೀನಾದರೂ ಒಂದು ಮಾತು ಹೇಳೋ" ಅಂದಳು. ಅದನ್ನು ನಾನು ಹೇಳುವುದಿಲ್ಲ. ಈ ಕೆಲಸ ಮಾಡಿಕೊಂಡೇ ಮಕ್ಕಳನ್ನು ಓದಿಸಿದವನು ನಾನು. ಆದರೆ ರಿಕ್ರೂಟರ್ ಹೇಳಿದ್ದನ್ನೇ ನಂಬಿ ಹೊರಡಬೇಡ. ಅವನು ಮದುವೆ ದಲ್ಲಾಳಿ ಇದ್ದ ಹಾಗೆ, ಹುಡುಗನಿಗೆ ಯಾವ ದುರಭ್ಯಾಸವೂ ಇಲ್ಲ ಅಂತಲೇ ಹೇಳುವುದು ಅವನ ಕಸುಬು.

ಮೊದಲು ಲೆಕ್ಕಾಚಾರ ಅರ್ಥ ಮಾಡಿಕೋ. ಸಣ್ಣ ಕಂಪನಿಗಳು ಹೊಸಬರನ್ನು ಮುಟ್ಟುವುದಿಲ್ಲ, ಇನ್ಶೂರೆನ್ಸಿನವರು ಬಿಡುವುದಿಲ್ಲ. ಒಂದೋ ಎರಡೋ ವರ್ಷದ ಅನುಭವ ತೋರಿಸು ಅಂತಾರೆ. ಆ ಅನುಭವ ಕೊಡುವವರು ದೊಡ್ಡವರು: ಗ್ರೀನ್ ಬೇಯ ಕಿತ್ತಳೆ ಬಣ್ಣದ ಶ್ನೈಡರ್, ಫೀನಿಕ್ಸಿನ ಸ್ವಿಫ್ಟ್, ಓಮಾಹಾದ ವರ್ನರ್, ಸ್ಪ್ರಿಂಗ್‌ಫೀಲ್ಡಿನ ಪ್ರೈಮ್, ಸಾಲ್ಟ್ ಲೇಕ್ ಸಿಟಿಯ ಸಿ.ಆರ್. ಇಂಗ್ಲೆಂಡ್, ಹೀಗೆ. ಅವರಿಗೆ ಜನ ಬಂದಷ್ಟೇ ವೇಗವಾಗಿ ಬಿಟ್ಟೂ ಹೋಗುತ್ತಾರೆ. ಇಲ್ಲಿನ ಟ್ರಕ್ ಕಂಪನಿಗಳ ಸಂಘವೇ ಲೆಕ್ಕ ಕೊಟ್ಟಂತೆ, ದೊಡ್ಡ ಕಂಪನಿಗಳಲ್ಲಿ ವರ್ಷಕ್ಕೆ ನೂರಕ್ಕೆ ತೊಂಬತ್ತರಷ್ಟು ಡ್ರೈವರ್‌ಗಳು ಬದಲಾದ ವರ್ಷಗಳು ಎಷ್ಟೋ ಇವೆ. ಅದಕ್ಕೇ ಅವರಿಗೆ ಸದಾ ಹೊಸಬರು ಬೇಕು. ಅವರಿಗೆ ಬೇಕಾದದ್ದು ಕಡಿಮೆ ದುಡ್ಡಿಗೆ ಒಂದು ವರ್ಷ ಓಡಿಸುವವನು. ನಿನಗೆ ಬೇಕಾದದ್ದು ಒಂದೂ ಗೀರು ಬೀಳದ ಒಂದು ವರ್ಷದ ದಾಖಲೆ. ಇದು ವ್ಯಾಪಾರ, ಇದರಲ್ಲಿ ಮೋಸವೂ ಇಲ್ಲ, ಉಪಕಾರವೂ ಇಲ್ಲ. ಆ ಒಂದು ವರ್ಷದಲ್ಲಿ ಏನೇ ನಿರ್ಧಾರ ಮಾಡುವಾಗಲೂ ಇದರಿಂದ ನನ್ನ ದಾಖಲೆಗೆ ಏನಾಗುತ್ತದೆ ಅಂತ ಮೊದಲು ಕೇಳಿಕೋ. ಲೋಡು ಎಷ್ಟು ಗಂಟೆಗೆ ತಲುಪಬೇಕು ಅನ್ನುವುದು ಅದರ ನಂತರದ ಮಾತು.

"ಟ್ರೇನಿಂಗ್ ಫ್ರೀ" ಅಂದಿರುತ್ತಾರೆ. ಫ್ರೀ ಅಲ್ಲ, ಸಾಲ. ಇಷ್ಟು ತಿಂಗಳು ನಮ್ಮಲ್ಲೇ ಓಡಿಸಬೇಕು, ನಡುವೆ ಬಿಟ್ಟರೆ ಇಷ್ಟು ಸಾವಿರ ಡಾಲರ್ ಕಟ್ಟಬೇಕು ಅಂತ ಕಾಗದದಲ್ಲಿ ಇರುತ್ತದೆ. ಆ ಮೊತ್ತ ತಿಂಗಳು ಕಳೆದಂತೆ ಇಳಿಯುತ್ತದಾ, ಅಥವಾ ಹನ್ನೊಂದನೇ ತಿಂಗಳಲ್ಲಿ ಬಿಟ್ಟರೂ ಪೂರ್ತಿ ಕಟ್ಟಬೇಕಾ? ಬಡ್ಡಿ ಇದೆಯಾ? ಅವರೇ ತೆಗೆದುಹಾಕಿದರೂ ಕಟ್ಟಬೇಕಾ? ಈ ಮೂರು ಸಾಲು ಎಲ್ಲಿವೆ ಅಂತ ಹುಡುಕಿ ಓದು. ನೀನು ಬ್ಯಾಂಕಿನ ಕಾಗದಕ್ಕೂ ಕಣ್ಣುಮುಚ್ಚಿ ಸಹಿ ಹಾಕುವವನು ಅಂತ ನನಗೆ ಗೊತ್ತು.

ಲೀಸ್, ಅಂದರೆ ಕಂಪನಿಯಿಂದಲೇ ಕಂತಿನ ಮೇಲೆ ಟ್ರಕ್ ಕೊಳ್ಳುವ ವಿಚಾರ, ಇದಕ್ಕಿಂತ ದೊಡ್ಡದು. ಟ್ರೇನಿಂಗ್ ಮುಗಿಯುವ ಹೊತ್ತಿಗೆ ಯಾರೋ ಒಬ್ಬ ನಗುನಗುತ್ತಾ ಬಂದು "ನೀನೇ ಓನರ್ ಆಗು, ಒಂದು ಡಾಲರೂ ಮುಂಗಡ ಬೇಡ" ಅನ್ನುತ್ತಾನೆ. ಟ್ರಕ್ಕು ಕಂಪನಿಯದ್ದೇ ಅಥವಾ ಅದರ ಸೋದರ ಸಂಸ್ಥೆಯದ್ದು. ವಾರದ ಕಂತು, ಡೀಸೆಲ್, ಇನ್ಶೂರೆನ್ಸ್, ರಿಪೇರಿ ಎಲ್ಲ ನಿನ್ನ ಸಂಬಳದಿಂದಲೇ ಮುರಿದುಕೊಳ್ಳುತ್ತಾರೆ. ಲೋಡು ಕೊಡುವವರೂ ಅವರೇ, ಕಂತು ಕೀಳುವವರೂ ಅವರೇ. ಲೋಡು ಕಡಿಮೆಯಾದ ವಾರ ನೀನೇ ಅವರಿಗೆ ಬಾಕಿದಾರ. ಇದೇ ಬಗೆಯ ತಕರಾರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2019ರ ಜನವರಿಯಲ್ಲಿ ನ್ಯೂ ಪ್ರೈಮ್ (ಮೇಲೆ ಹೇಳಿದ ಪ್ರೈಮ್ ಕಂಪನಿಯೇ) ಕೇಸಿನಲ್ಲಿ ತೀರ್ಪು ಬಂತು: ಕಾಗದದಲ್ಲಿ ಸ್ವತಂತ್ರ ಗುತ್ತಿಗೆದಾರ ಅಂತ ಬರೆದುಬಿಟ್ಟ ಮಾತ್ರಕ್ಕೆ ಲಾರಿ ಡ್ರೈವರನನ್ನು ಕೋರ್ಟಿನ ಹೊರಗಿನ ಒತ್ತಾಯದ ಮಧ್ಯಸ್ಥಿಕೆಗೆ ತಳ್ಳಲಾಗದು ಅಂತ. ಡ್ರೈವರ್ ಕಡೆ ಗೆದ್ದಿತು ಅಂತ ನೀನು ಲೀಸಿಗೆ ಕೈಹಾಕಬೇಡ. ಗೆಲ್ಲಲು ಅಷ್ಟು ದೂರ ಹೋಗಬೇಕಾಯಿತು ಅನ್ನುವುದನ್ನು ನೋಡು. ಈ ವ್ಯವಸ್ಥೆಯನ್ನು ಪರಿಶೀಲಿಸಲು ಇಲ್ಲಿನ ಕೇಂದ್ರ ಸರ್ಕಾರವೇ ನೇಮಿಸಿದ್ದ ಸಮಿತಿ 2025ರ ಆರಂಭದಲ್ಲಿ, ಲೀಸ್-ಪರ್ಚೇಸನ್ನು ನಿಷೇಧಿಸಿ ಅಂತಲೇ ಶಿಫಾರಸು ಮಾಡಿತು. ಮೊದಲ ವರ್ಷ ಕಂಪನಿ ಡ್ರೈವರ್ ಆಗಿಯೇ ಇರು. ಈ ಮಾತಿನಲ್ಲಿ ನನ್ನ ಹತ್ತಿರ ಚರ್ಚೆಗೆ ಬರಬೇಡ.

ಈಗ ಅಲ್ಲಿ ಹೋದ ಮೇಲೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಬಸ್ ಟಿಕೆಟ್ ಕಳಿಸುತ್ತಾರೆ. ಹೋಟೆಲಿನಲ್ಲಿ ಒಂದು ರೂಮಿಗೆ ಇಬ್ಬರು. ಮೊದಲ ದಿನವೇ ಮೆಡಿಕಲ್, ಮಾದಕ ವಸ್ತು ಪತ್ತೆಗೆ ಮೂತ್ರ ಪರೀಕ್ಷೆ, ಬಹಳ ಕಡೆ ಕೂದಲಿನ ಪರೀಕ್ಷೆಯೂ ಇದೆ. ಕೂದಲು ಸುಮಾರು ಮೂರು ತಿಂಗಳ ಹಿಂದಿನದ್ದನ್ನೂ ಹೇಳಿಬಿಡುತ್ತದೆ. ನಿನ್ನ ರಾಜ್ಯದಲ್ಲೋ ಪಕ್ಕದ ರಾಜ್ಯದಲ್ಲೋ ಗಾಂಜಾ ಕಾನೂನುಬದ್ಧವಾಗಿದ್ದರೂ ನಮಗೆ ಅದು ಲೆಕ್ಕಕ್ಕಿಲ್ಲ, ನಮ್ಮ ಕಾನೂನು ಕೇಂದ್ರದ್ದು. ಒಮ್ಮೆ ಫೇಲಾದರೆ ಕ್ಲಿಯರಿಂಗ್‌ಹೌಸ್ ಅನ್ನುವ ಕೇಂದ್ರದ ದಾಖಲೆಯಲ್ಲಿ ಬೀಳುತ್ತದೆ, 2020ರಿಂದ ಎಲ್ಲ ಕಂಪನಿಗಳೂ ಅದನ್ನು ನೋಡಲೇಬೇಕು. ನಿನ್ನ ಮೇಲೆ ನನಗೆ ಅನುಮಾನವಿಲ್ಲ. ರೂಮಿನ ಜೊತೆಗಾರ ಕೊಟ್ಟ ಸಿಬಿಡಿ (ಗಾಂಜಾ ಜಾತಿಯ ಗಿಡದ ಸತ್ವ) ಹಾಕಿದ ಚಾಕೊಲೇಟನ್ನೂ ಮುಟ್ಟಬೇಡ ಅಂತ ಹೇಳಲು ಬರೆದೆ.

ಬಿ.ಪಿ. ನಮ್ಮ ಮನೆತನದ ಸ್ವತ್ತು. 140/90ರ ಒಳಗಿದ್ದರೆ ಮೆಡಿಕಲ್ ಕಾರ್ಡು ಎರಡು ವರ್ಷಕ್ಕೆ ಸಿಗುತ್ತದೆ, ದಾಟಿದರೆ ಒಂದೇ ವರ್ಷಕ್ಕೋ ಅದಕ್ಕಿಂತ ಕಡಿಮೆಗೋ, 180 ಮುಟ್ಟಿದರೆ ಆವತ್ತೇ ಮನೆಗೆ. ಆ ಬೆಳಿಗ್ಗೆ ಕಾಫಿ ಬಿಡು, ಉಪ್ಪಿನಕಾಯಿ ಒಂದು ವಾರ ಮೊದಲೇ ಬಿಡು. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಬರೆ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ರೋಗಕ್ಕಿಂತ ಸುಳ್ಳಿಗೆ ಕೆಲಸ ಹೋಗುತ್ತದೆ. ಒಂದು ನೆನಪಿಡು, ಓರಿಯೆಂಟೇಶನ್ನಿಗೆ (ಈ ಮೊದಲ ದಿನಗಳ ಪರೀಕ್ಷೆ-ಪಾಠಕ್ಕೆ) ಕರೆದರು ಅಂದರೆ ಕೆಲಸ ಸಿಕ್ಕಿತು ಅಂತ ಅಲ್ಲ. ಮೂರನೇ ದಿನಕ್ಕೆ ಎಷ್ಟೋ ಕುರ್ಚಿ ಖಾಲಿಯಾಗಿರುತ್ತವೆ. ಡಲ್ಲಾಸ್ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ರಜೆ ಹಾಕಿ ಹೋಗಲು ಆಗುತ್ತದಾ ನೋಡು.

ಟ್ರಕ್ ಕಲಿಯುವ ಪರ್ಮಿಟ್ ಬಂದು 14 ದಿನವಾಗದೆ ರಸ್ತೆ ಟೆಸ್ಟ್ ಕೊಡುವಂತಿಲ್ಲ. 2022ರ ಫೆಬ್ರವರಿಯಿಂದ ಕೇಂದ್ರದ ಪಟ್ಟಿಯಲ್ಲಿರುವ ಶಾಲೆಯಲ್ಲೇ ಕಲಿಯಬೇಕು, ಆದರೆ ಇಷ್ಟು ಗಂಟೆ ಕಲಿಸಲೇಬೇಕು ಅಂತ ಕೇಂದ್ರದ ನಿಯಮ ಎಲ್ಲೂ ಹೇಳಿಲ್ಲ. ಹಾಗಾಗಿ ಒಂದು ಟ್ರಕ್ಕಿಗೆ ನಾಲ್ಕು ಜನ, ಮೂವರು ಬಿಸಿಲಲ್ಲಿ ನಿಂತು ನೋಡುವುದು. ನಿಂತಾಗಲೂ ಕಲಿ. ಇನ್ನೊಂದು: ಆಟೋಮ್ಯಾಟಿಕ್ ಟ್ರಕ್ಕಿನಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸಿನಲ್ಲಿ "ಇ" ಅಂತ ನಿರ್ಬಂಧ ಬರುತ್ತದೆ, ಗೇರಿನ ಟ್ರಕ್ ಓಡಿಸುವಂತಿಲ್ಲ. ದೊಡ್ಡ ಕಂಪನಿಗಳಲ್ಲಿ ಈಗ ಬಹುತೇಕ ಆಟೋಮ್ಯಾಟಿಕ್ಕೇ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ನೀನು ಹಾಸನದಲ್ಲಿ ಟೆಂಪೊ ಓಡಿಸಿದವನು, ಹೈವೇ ನಿನಗೆ ಕಷ್ಟವಾಗದು. ಕಷ್ಟ ಇರುವುದು ರಿವರ್ಸಿನಲ್ಲಿ. ಹಿಂದೆ 53 ಅಡಿಯ ಟ್ರೇಲರ್ ಇದ್ದಾಗ ಸ್ಟೀರಿಂಗ್ ಉಲ್ಟಾ ಕೆಲಸ ಮಾಡುತ್ತದೆ. ಸ್ಟೀರಿಂಗಿನ ಕೆಳತುದಿ ಹಿಡಿದುಕೋ. ಆ ಕೈ ಎಡಕ್ಕೆ ಹೋದರೆ ಟ್ರೇಲರಿನ ಹಿಂಭಾಗ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಸ್ವಲ್ಪ ತಿರುಗಿಸು, ಕಾಯು, ಟ್ರೇಲರ್ ಮಾತು ಕೇಳಲು ಒಂದು ಕ್ಷಣ ತೆಗೆದುಕೊಳ್ಳುತ್ತದೆ. ಹೊಸಬರು ಆ ಒಂದು ಕ್ಷಣ ಕಾಯದೆ ಇನ್ನೂ ತಿರುಗಿಸಿ ಕೆಡಿಸುತ್ತಾರೆ. ಇಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಆದ್ದರಿಂದ ಎಡಗಡೆಯಿಂದಲೇ ಹಿಂದಕ್ಕೆ ತಗೊ. ಬಲಗಡೆ ಕುರುಡು. ಮುಖ್ಯವಾದದ್ದು ಇಳಿದು ನೋಡುವುದು. ಬ್ರೇಕ್ ಎಳೆ, ಇಳಿ, ಹಿಂದೆ ಹೋಗಿ ನೋಡು, ಹತ್ತು. ಹತ್ತು ಸಲ ಇಳಿದರೂ ಸರಿ. ಸುತ್ತ ನಿಂತವರು ನಗಲಿ, ಹಾರ್ನ್ ಹೊಡೆಯಲಿ. ಅವರ ಬಂಪರಿಗೆ ತಗುಲಿಸಿದರೆ ಅದು ಬೀಳುವುದು ನಿನ್ನ ದಾಖಲೆಗೆ, ನಕ್ಕವರ ದಾಖಲೆಗಲ್ಲ. ಹೊಸಬರ ಕೆಲಸ ಹೋಗುವುದು ಹೆಚ್ಚಾಗಿ ಯಾರ್ಡಿನಲ್ಲಿ, ಐದು ಮೈಲಿ ವೇಗದಲ್ಲಿ.

ಟ್ರೇಲರ್ ಜೋಡಿಸುವಾಗಲೂ ಹಾಗೇ. "ಟಕ್" ಅಂತ ಸದ್ದು ಬಂತು ಅಂತ ಹೊರಟುಬಿಡಬೇಡ. ಟ್ರೇಲರ್ ಬ್ರೇಕ್ ಹಿಡಿದಿರುವಾಗಲೇ ಮುಂದಕ್ಕೆ ಒಮ್ಮೆ ಎಳೆದು ನೋಡು. ಆಮೇಲೆ ಟಾರ್ಚ್ ಹಿಡಿದು ಟ್ರೇಲರ್ ಕೆಳಗೆ ತಲೆ ಹಾಕು: ಟ್ರಕ್ಕಿನ ಮೇಲೆ ಟ್ರೇಲರ್ ಕೂರುವ ಫಿಫ್ತ್ ವೀಲ್ ತಟ್ಟೆಗೂ ಟ್ರೇಲರ್ ತಳಕ್ಕೂ ನಡುವೆ ಬೆಳಕು ಕಾಣಬಾರದು, ಲಾಕು ಟ್ರೇಲರಿನ ಕಿಂಗ್‌ಪಿನ್ ಅನ್ನುವ ಗೂಟವನ್ನು ಪೂರ್ತಿ ಸುತ್ತಿರಬೇಕು. ಗ್ರೀಸ್ ಮೆತ್ತಿದ ಜಾಗ, ಮಳೆಯಲ್ಲಿ ಬಗ್ಗಲು ಬೇಜಾರು, ಆದರೂ ಬಗ್ಗು.

ಘಾಟಿ ಇಳಿಯುವ ವಿದ್ಯೆ ನಮ್ಮ ಕಡೆಯದ್ದೇ. ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿ ಅನ್ನುತ್ತಿದ್ದರಲ್ಲ, ಒರೆಗಾನಿನ ಕ್ಯಾಬೇಜ್ ಹಿಲ್ಲಿನಲ್ಲೂ ಟೆನೆಸ್ಸಿಯ ಮಾಂಟೀಗಲ್ಲಿನಲ್ಲೂ ಅದೇ ಬುದ್ಧಿ ಬೇಕು. ಲೋಡು ಸೇರಿ 80,000 ಪೌಂಡ್, ಅಂದರೆ 36 ಟನ್ನಿನ ಮೇಲೆ. ಇಳಿಜಾರು ಶುರುವಾಗುವ ಮೊದಲೇ ನಿಧಾನ ಮಾಡು, ಎಂಜಿನ್ ಬ್ರೇಕ್ ಹಾಕು. ಬ್ರೇಕು ಹೊಗೆಯಾಡಿದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಲೈಸೆನ್ಸ್ ಬಂದ ಮೇಲೆ ಟ್ರೇನರ್ ಜೊತೆ ಕೆಲವು ವಾರ. ಬಾತ್‌ರೂಮಿನಷ್ಟು ಜಾಗದಲ್ಲಿ ಗುರುತಿಲ್ಲದ ಗಂಡಸಿನ ಜೊತೆ ಬದುಕುವುದು. ಮೇಲಿನ ಬಂಕು ನಿನ್ನದು. ಕೆಲವು ಕಡೆ ವರ್ಷ ತುಂಬದವನೂ ಟ್ರೇನರ್ ಆಗಿರುತ್ತಾನೆ. ಬಹಳ ಟ್ರೇನರ್‌ಗಳಿಗೆ ನಿನ್ನ ಮೈಲಿಗೂ ದುಡ್ಡು ಬರುತ್ತದೆ. ಆದ್ದರಿಂದ ಸ್ವಲ್ಪ ದಿನಕ್ಕೇ ನೀನು ರಾತ್ರಿ ಓಡಿಸು, ನಾನು ಮಲಗುತ್ತೇನೆ ಅನ್ನುತ್ತಾನೆ. ಒಳ್ಳೆಯ ಟ್ರೇನರ್ ಸಿಕ್ಕರೆ ಪುಣ್ಯ. ಸಿಗಲಿಲ್ಲ ಅಂದರೆ, ಬೈಗುಳ ಸಹಿಸಿಕೋ, ಅಪಾಯ ಸಹಿಸಬೇಡ. ಹಿಮದಲ್ಲೋ ಬೆಟ್ಟದಲ್ಲೋ ನಿನ್ನೊಬ್ಬನನ್ನೇ ಬಿಟ್ಟು ಅವನು ಮಲಗಿದರೆ, ಓಡಿಸಿದ ಗಂಟೆಗಳ ಲಾಗ್ ಸುಳ್ಳು ಹಾಕು ಅಂದರೆ, ಕೈಮಾಡಿದರೆ, ಟ್ರೇನಿಂಗ್ ವಿಭಾಗಕ್ಕೆ ಫೋನ್ ಮಾಡಿ ಬೇರೆ ಟ್ರೇನರ್ ಕೇಳು. ಕೇಳುವುದು ತಪ್ಪಲ್ಲ, ದಿನವೂ ಯಾರಾದರೂ ಕೇಳುತ್ತಲೇ ಇರುತ್ತಾರೆ. ಟ್ರಕ್ಕನ್ನು ಎಲ್ಲೋ ನಿಲ್ಲಿಸಿ ಊರಿಗೆ ಬಂದುಬಿಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಟ್ರಕ್ ಬಿಟ್ಟು ಓಡಿದ ಅಂತ ಉದ್ಯೋಗ ದಾಖಲೆಯಲ್ಲಿ ಬರೆದರೆ ವರ್ಷಗಟ್ಟಲೆ ಹಿಂದೆ ಬರುತ್ತದೆ.

ಗಡಿಯಾರದ ಬಗ್ಗೆ. ಹತ್ತು ಗಂಟೆ ವಿಶ್ರಾಂತಿಯ ನಂತರ 14 ಗಂಟೆಯ ಲೆಕ್ಕ ಶುರು, ಅದರೊಳಗೆ 11 ಗಂಟೆ ಮಾತ್ರ ಓಡಿಸಬಹುದು, ಎಂಟು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು. ದೊಡ್ಡ ಕಂಪನಿಗಳಲ್ಲಿ ಎಂಟು ದಿನಕ್ಕೆ ಒಟ್ಟು 70 ಗಂಟೆ. ಎಲ್ಲವನ್ನೂ ಟ್ರಕ್ಕಿನಲ್ಲಿರುವ ಇಎಲ್‌ಡಿ ಅನ್ನುವ ಗಂಟೆ ದಾಖಲಿಸುವ ಯಂತ್ರ ನೋಡುತ್ತಿರುತ್ತದೆ. ಮೋಸ ಇರುವುದು ಆ 14ರಲ್ಲಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ, ಕಿರಾಣಿ ಗೋಡೌನಿನಲ್ಲಿ ಲಂಪರ್ ಅನ್ನುವ ಹಮಾಲಿಗಳು ಇಳಿಸಲು ಐದು ಗಂಟೆ ಕಾಯಿಸಿದರು ಅನ್ನು. ನೀನು ಕೂತೇ ಇದ್ದರೂ ರಾತ್ರಿ ಎಂಟಕ್ಕೆ ನಿನ್ನ ದಿನ ಮುಗಿಯಿತು. ಕಾದಿದ್ದಕ್ಕೆ ಸಾಮಾನ್ಯವಾಗಿ ಮೊದಲ ಎರಡು ಗಂಟೆಗೆ ದುಡ್ಡಿಲ್ಲ. ಆಗ ಲೋಡು ಹಂಚುವ ಡಿಸ್ಪ್ಯಾಚರ್ "ಇನ್ನು ಐವತ್ತೇ ಮೈಲಿ" ಅನ್ನುತ್ತಾನೆ. ಬಾಯಿಮಾತಿನಲ್ಲಿ ಜಗಳ ಬೇಡ. ಟ್ರಕ್ಕಿನ ಟ್ಯಾಬ್ಲೆಟ್ಟಿನಲ್ಲೇ ಬರೆ: "ನನ್ನ ಗಂಟೆ ಮುಗಿದಿದೆ, ಓಡಿಸಿದರೆ ಕಾನೂನು ಮುರಿದಂತೆ." ಬರಹಕ್ಕೆ ಅವರು ಹೆದರುತ್ತಾರೆ. ಅಸುರಕ್ಷಿತ ಅಂತ ಓಡಿಸಲು ಒಪ್ಪದ ಡ್ರೈವರನನ್ನು ಶಿಕ್ಷಿಸಬಾರದು ಅಂತ 1982ರಿಂದಲೂ ಕಾನೂನಿದೆ.

ಸಂಬಳ ಮೈಲಿ ಲೆಕ್ಕ. ಚಕ್ರ ತಿರುಗದಿದ್ದರೆ ದುಡ್ಡಿಲ್ಲ. 1938ರ ಕಾರ್ಮಿಕ ಕಾನೂನಿನಲ್ಲೇ ನಮ್ಮನ್ನು ಓವರ್‌ಟೈಮಿನಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ಮೈಲಿಗೆ ಎಷ್ಟು ಸೆಂಟ್ ಅಂತ ಕೇಳಿ ಸುಮ್ಮನಾಗಬೇಡ, ಹೊಸಬರಿಗೆ ವಾರಕ್ಕೆ ನಿಜವಾಗಿ ಎಷ್ಟು ಮೈಲಿ ಸಿಗುತ್ತದೆ ಅಂತ ಅಲ್ಲಿನ ಡ್ರೈವರ್‌ಗಳನ್ನೇ ಕೇಳು. 45 ಸೆಂಟಿನಂತೆ 2,000 ಮೈಲಿ ಅಂದರೆ 900 ಡಾಲರ್, ತೆರಿಗೆಗೂ ಮೊದಲು. ಅದೇ ವಾರ 1,200 ಮೈಲಿಯಾದರೆ? ಮೊದಲ ಮೂರು ತಿಂಗಳ ಮನೆ ಬಾಡಿಗೆ ಕೈಯಲ್ಲಿಟ್ಟುಕೊಂಡೇ ಹೊರಡು. ಮನೆಗೆ ಬರುವುದು ವಾರಕ್ಕೆ ಒಂದು ದಿನದ ಲೆಕ್ಕ, ಅಂದರೆ ಮೂರು ವಾರ ಹೊರಗಿದ್ದರೆ ಮೂರು ದಿನ. ಯುಗಾದಿಗೆ ಬರುತ್ತೇನೆ ಅಂತ ಸೊಸೆಗೆ ಮಾತು ಕೊಡಬೇಡ.

ಇಂಗ್ಲಿಷ್ ನಿನಗೆ ಬರುತ್ತದೆ. ಆದರೂ 2025ರ ಜೂನ್ 25ರಿಂದ, ತಪಾಸಣೆಯಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸಲಾಗದವನನ್ನು ಅಲ್ಲೇ ನಿಲ್ಲಿಸುತ್ತಿದ್ದಾರೆ. ಪೊಲೀಸಿನವನು ಕೇಳಿದಾಗ ನಮ್ಮ ವೇಗದಲ್ಲಿ ಪಟಪಟ ಅನ್ನದೆ ನಿಧಾನವಾಗಿ ಹೇಳು.

ಊಟ: ಟ್ರಕ್ ಸ್ಟಾಪಿನ ಪಿಜ್ಜಾ, ಹಾಟ್‌ಡಾಗ್ ತಿಂದು ಜನ ದಪ್ಪಗಾಗಿ ಮೆಡಿಕಲ್ಲಿನಲ್ಲೇ ಸಿಕ್ಕಿಬೀಳುತ್ತಾರೆ. ಚಟ್ನಿಪುಡಿ, ಹುರಿಹಿಟ್ಟು, ಗಟ್ಟಿ ಅವಲಕ್ಕಿ ಕಟ್ಟಿಸಿಕೊಂಡು ಹೋಗು. ಟ್ರೇನರ್ ಇರುವಷ್ಟು ದಿನ ಒಗ್ಗರಣೆ ಆಸೆ ಬಿಡು, ವಾಸನೆಗೇ ಜಗಳವಾಗುತ್ತದೆ. ಐ-40 ಹೈವೇಯಲ್ಲಿ ಪಂಜಾಬಿಗಳ ಢಾಬಾಗಳಿವೆ, ದಾಲ್ ರೊಟ್ಟಿ ಸಿಗುತ್ತದೆ. ಆ ಸರ್ದಾರರ ಹತ್ತಿರ ಕೂತು ಮಾತಾಡು, ಯಾವ ಕಂಪನಿ ಹೇಗೆ ಅಂತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ.

ಪಾರ್ಕಿಂಗ್ ಸಂಜೆ ಆರರೊಳಗೆ ಹಿಡಿ. ಆಮೇಲೆ ಜಾಗ ಸಿಗುವುದಿಲ್ಲ. ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಮಲಗಬೇಡ. 2009ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಹಾಗೆ ನಿಲ್ಲಿಸಿದ್ದ ಜೇಸನ್ ರಿವೆನ್‌ಬರ್ಗ್ ಅನ್ನುವ ಡ್ರೈವರನನ್ನು ಕೆಲವೇ ಡಾಲರಿಗೆ ಕೊಂದರು. ಅವನ ಹೆಂಡತಿ ಹೋರಾಡಿದ್ದರಿಂದ 2012ರಲ್ಲಿ ಪಾರ್ಕಿಂಗಿಗೆಂದೇ ಅವನ ಹೆಸರಿನ ಕಾನೂನು ಬಂತು. ಕಾನೂನು ಬಂದಷ್ಟು ಜಾಗ ಬಂದಿಲ್ಲ.

ಕಾಂಟ್ರ್ಯಾಕ್ಟ್ ಕೈಗೆ ಬಂದ ದಿನ ಸಹಿ ಹಾಕುವ ಮುಂಚೆ ಎಲ್ಲ ಪುಟಗಳ ಫೋಟೊ ವಾಟ್ಸಾಪ್ ಮಾಡು, ಹಿಂದಿನ ಸಣ್ಣ ಅಕ್ಷರದ ಪುಟವನ್ನೂ ಸೇರಿಸಿ. ನಾನು ರಸ್ತೆಯಲ್ಲಿದ್ದರೆ ಉತ್ತರ ರಾತ್ರಿ ಬರುತ್ತದೆ, ಅಲ್ಲಿಯವರೆಗೆ ಪೆನ್ನು ಜೇಬಿನಲ್ಲಿರಲಿ.

ಇಂತಿ ನಿನ್ನ ಸೋದರಮಾವ