ಓಡದೇ ಇರುವ ರನ್ನುಗಳು

ಲೀಡ್ಸ್, ಭಾನುವಾರ

ಚಿರಂಜೀವಿ ಮಂಜುಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ. ಅಮ್ಮ, ಅಪ್ಪ, ಅಜ್ಜಿ ಆರೋಗ್ಯವಾಗಿದಾರೆ ಅಂದ್ಕೊಂಡಿದೀನಿ.

‘ರನ್ ಅಂದ್ರೆ ಓಡು ತಾನೆ, ಡಿಕ್ಷನರೀಲಿ ಅದಕ್ಕೆ ಎರಡು ಪುಟ ಯಾಕೆ?’ ಅಂತ ನೀನು ಕೇಳಿದ್ದೆ. ನಿನ್ನ ಹತ್ತಿರ ಇರೋದು ಚಿಕ್ಕ ಡಿಕ್ಷನರಿ, ಅದಕ್ಕೇ ಎರಡು ಪುಟದಲ್ಲಿ ಮುಗಿದಿದೆ. 1989ರಲ್ಲಿ ಬಂದ ಆಕ್ಸ್‌ಫರ್ಡ್‌ನ 20 ಸಂಪುಟಗಳ ನಿಘಂಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿದ್ದು ‘ಸೆಟ್’. ಆಮೇಲೆ ಅದನ್ನ ಪರಿಷ್ಕರಿಸೋವಾಗ ‘ರನ್’ ಮುಂದೆ ಹೋಯ್ತು. ಬರೀ ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ. ಅಷ್ಟನ್ನೂ ಉರು ಹೊಡೆಯೋಕೆ ಕೂತ್ಕೋಬೇಡ.

ಈಗ ಉರು ‘ಹೊಡೆಯೋದು’ ಅಂದೆನಲ್ಲ, ಅಲ್ಲಿ ಏಟು ಬಿದ್ದಿದ್ದು ಯಾರಿಗೆ? ಟೊಮ್ಯಾಟೊಗೆ ಔಷಧಿ ಹೊಡೀತೀವಿ, ಹೊಲಕ್ಕೆ ಗೊಬ್ಬರ ಹೊಡೀತೀವಿ, ಗೋಡೆಗೆ ಸುಣ್ಣ ಹೊಡೀತೀವಿ. ಬಸ್ಸಿನವನು ಹಾರ್ನ್ ಹೊಡೀತಾನೆ, ಕೊಳೆತ ಹಣ್ಣು ನಾತ ಹೊಡಿಯುತ್ತೆ. ‘ಹೊಡೆ ಅಂದ್ರೆ ಬೀಟ್’ ಅಂತ ಬರ್ಕೊಂಡು ನಮ್ಮ ಶ್ರೀನಿವಾಸಪುರಕ್ಕೆ ಬಂದ ಇಂಗ್ಲಿಷಿನವನು, ಟೊಮ್ಯಾಟೊ ಗಿಡಕ್ಕೆ ಕೋಲಲ್ಲಿ ಬೀಳುತ್ತೆ ಅಂತ ಬದುವಿನ ಮೇಲೆ ಕಾಯ್ತಾ ನಿಲ್ಲಬೇಕು ಅಷ್ಟೆ. ನಿನಗೆ ಇದನ್ನ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಜೊತೆಗಿರೋ ಪದವೇ ಅರ್ಥ ಹೇಳುತ್ತೆ. ಕನ್ನಡದಲ್ಲಿ ಆ ಪದ ಹೊಡೆಯ ಎಡಗಡೆ ಬರುತ್ತೆ, ಇಂಗ್ಲಿಷಲ್ಲಿ ಹೆಚ್ಚಾಗಿ ರನ್ನಿನ ಬಲಗಡೆ. ಹಾಗಾಗಿ ರನ್ ಕಂಡ ತಕ್ಷಣ ಅರ್ಥ ಮಾಡೋಕೆ ಹೋಗಬೇಡ, ಬಲಕ್ಕೆ ಇನ್ನೆರಡು ಪದ ಓದು.

ಮೊದಲು ನೋಡಬೇಕಾದ್ದು, ರನ್ ಆದಮೇಲೆ ನೇರವಾಗಿ ನಾಮಪದ ಬಂದಿದೆಯಾ ಅಂತ. ‘ದ ಮೋಟರ್ ರನ್ಸ್’ ಅಂದ್ರೆ ಮೋಟರ್ ಓಡುತ್ತೆ. ‘ಹಿ ರನ್ಸ್ ದ ಮೋಟರ್’ ಅಂದ್ರೆ ಅವನು ಮೋಟರ್ ಓಡಿಸ್ತಾನೆ. ನಾವು ‘ಇಸು’ ಸೇರಿಸಿ ವ್ಯತ್ಯಾಸ ತೋರಿಸ್ತೀವಿ. ಇಂಗ್ಲಿಷಲ್ಲಿ ಪದದ ಮೇಲೆ ಯಾವ ಗುರುತೂ ಇರಲ್ಲ. ಡಿಕ್ಷನರೀಲಿ ಅರ್ಥದ ಪಕ್ಕ ‘ಐ’ ಅಂತಲೋ ‘ಟಿ’ ಅಂತಲೋ ಅಕ್ಷರ ಹಾಕಿರ್ತಾರೆ, ಐ ಅಂದ್ರೆ ಅಕರ್ಮಕ (ಹಾಗೆ ನಾಮಪದ ಬೇಡದ್ದು), ಟಿ ಅಂದ್ರೆ ಸಕರ್ಮಕ (ಬೇಕಾದದ್ದು). ಆ ಒಂದಕ್ಷರ ನೋಡಿದ್ರೆ ಹುಡುಕೋ ಪಟ್ಟಿ ಅರ್ಧಕ್ಕೆ ಇಳಿಯುತ್ತೆ. ಎಡವೋದು ಎರಡು ಕಡೆ: ‘ರನ್ ಎ ಮೈಲ್’ ಅಂದ್ರೆ ಮೈಲಿಯನ್ನ ಓಡಿಸೋದಲ್ಲ, ಒಂದು ಮೈಲಿ ಓಡೋದು. ‘ರನ್ ಎ ಟೆಂಪರೇಚರ್’ ಅಂದ್ರೆ ಜ್ವರ ಬಂದಿರೋದು.

ಇನ್ನು ನೀರಿನ ಗುಂಪು. ನಲ್ಲಿ ರನ್ ಆದ್ರೆ ಸುರೀತಿದೆ, ಮೂಗು ರನ್ ಆದ್ರೆ ಸೋರ್ತಿದೆ, ಬಟ್ಟೆ ಬಣ್ಣ ರನ್ ಆದ್ರೆ ಬಿಡ್ತಿದೆ, ನದಿ ರನ್ ಆದ್ರೆ ಹರೀತಿದೆ (ನಮ್ಮ ಕೋಲಾರ ಜಿಲ್ಲೇಲಿ ಈ ವಾಕ್ಯ ಬಳಸೋ ಭಾಗ್ಯ ಕಡಿಮೆ). ‘ರನ್ ಎ ಬಾತ್’ ಅಂದ್ರೆ ತೊಟ್ಟಿಗೆ ನೀರು ಬಿಡು. ಇವೆಲ್ಲ ಆಮೇಲೆ ಅಂಟಿಸಿದ ಅರ್ಥಗಳಲ್ಲ. ಹಳೇ ಇಂಗ್ಲಿಷಿನ ‘ರಿನ್ನನ್’ ಅನ್ನೋ ಮೂಲಪದಕ್ಕೇ ಹರಿ, ಓಡು ಎರಡೂ ಅರ್ಥ ಇತ್ತು. ಅದರ ದಾಯಾದಿ, ಜರ್ಮನ್ನಿನ ‘ರಿನ್ನೆನ್’ಗೆ ಇವತ್ತಿಗೂ ಹರಿ, ಜಿನುಗು ಅಂತಲೇ ಅರ್ಥ. ನಿನಗೆ ಇದು ವಿಚಿತ್ರ ಅನ್ನಿಸಬಾರದು, ಯಾಕಂದ್ರೆ ಹಳಗನ್ನಡದ ‘ಪರಿ’ಯೂ ಹೀಗೇ: ಕುದುರೆ ಓಡಿದ್ರೂ ಪರಿ, ಹೊಳೆ ಹರಿದ್ರೂ ಪರಿ. ಪಕಾರ ಹಕಾರ ಆಗಿ ಅದೇ ‘ಹರಿ’ ಆಯ್ತು, ಓಟದ ಅರ್ಥ ಹಿಂದೆ ಉಳೀತು. ನಾವು ಎರಡು ಪದಕ್ಕೆ ಹಂಚಿಕೊಟ್ಟಿದ್ದನ್ನ ಇಂಗ್ಲಿಷು ಒಂದರಲ್ಲೇ ಇಟ್ಕೊಂಡಿದೆ.

ಸಮಾನಾರ್ಥಕ ಪದ ಬರೀರಿ ಅಂತ ಪರೀಕ್ಷೇಲಿ ಕೇಳಿದಾಗ ತಪ್ಪೋದು ಇಲ್ಲೇ. ರನ್ನಿಗೆ ಆಪರೇಟ್, ಮ್ಯಾನೇಜ್, ಫ್ಲೋ, ಪಬ್ಲಿಷ್ ಎಲ್ಲವೂ ಸಮಾನಾರ್ಥಕವೇ, ಆದರೆ ಒಂದು ಕೂತ ಜಾಗದಲ್ಲಿ ಇನ್ನೊಂದು ಕೂರಲ್ಲ. ಅದನ್ನ ವಾಕ್ಯದಲ್ಲಿ ಹಾಕಿ ನೋಡಬೇಕು. ಯಂತ್ರಕ್ಕೆ ಆಪರೇಟ್ ಸರಿ, ನದಿಗೆ ಫ್ಲೋ ಸರಿ, ಪೇಪರಿನವರು ಸುದ್ದಿ ರನ್ ಮಾಡಿದ್ರೆ ಪಬ್ಲಿಷ್ ಸರಿ. ‘ಶಿ ರನ್ಸ್ ಎ ಶಾಪ್’ ಅನ್ನೋ ಕಡೆ ಮ್ಯಾನೇಜ್ ಹಾಕಿದ್ರೆ ವ್ಯಾಕರಣ ಕೆಡಲ್ಲ, ಅರ್ಥ ಸ್ವಲ್ಪ ಜಾರುತ್ತೆ: ರನ್ ಅಂದಾಗ ಅಂಗಡಿ ಅವಳದೇ ಇರಬಹುದು ಅನ್ನಿಸುತ್ತೆ, ಮ್ಯಾನೇಜ್ ಅಂದಾಗ ಸಂಬಳಕ್ಕಿರೋಳು ಅನ್ನಿಸುತ್ತೆ. ಚುನಾವಣೆ ವಿಷಯ ಇನ್ನೂ ಮಜಾ. ಅಮೆರಿಕದವರು ಚುನಾವಣೆಗೆ ‘ರನ್’ ಆಗ್ತಾರೆ, ಇಲ್ಲಿ ಬ್ರಿಟನ್ನಿನವರು ‘ಸ್ಟ್ಯಾಂಡ್’ ಆಗ್ತಾರೆ. ನಮ್ಮ ಕೋಲಾರದಲ್ಲೂ ನಿಲ್ಲೋದೇ, ಯಾರೂ ಓಡಲ್ಲ.

ರಸ್ತೆಗೂ ರನ್ ಬರುತ್ತೆ, ಆದರೆ ‘ರನ್ಸ್’ ಅಂತ ಮಾತ್ರ ಬರಿ. ‘ದ ರೋಡ್ ಈಸ್ ರನ್ನಿಂಗ್’ ಅಂದ್ರೆ ರಸ್ತೆ ಎದ್ದು ಹೊರಟ ಹಾಗಾಗುತ್ತೆ. ಬಸ್ಸಿಗೆ ಎರಡೂ ನಡೆಯುತ್ತೆ: ಅರ್ಧ ಗಂಟೆಗೊಂದು ‘ರನ್ಸ್’, ಇವತ್ತು ಮಾತ್ರ ‘ಈಸ್ ರನ್ನಿಂಗ್ ಲೇಟ್’.

ಮುಂದೆ ಬರೋ ಚಿಕ್ಕ ಪದಗಳೇ ನಿಜವಾದ ತಲೆನೋವು. ಹಾಲು ಮುಗಿದಾಗ ನಾವು ‘ಮಿಲ್ಕ್ ಈಸ್ ಓವರ್’ ಅಂತೀವಿ, ಇಲ್ಲಿಯವರ ಬಾಯಲ್ಲಿ ಅದು ಬರಲ್ಲ. ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’ ಅನ್ನು. ‘ಆಫ್’ ಬಿಟ್ಟೆಯೋ, ಕ್ರಿಕೆಟ್ಟಿನ ರನ್ ಔಟ್ ಕಡೆ ವಾಲುತ್ತೆ. ‘ರನ್ ಇನ್‌ಟು’ ಅಂದ್ರೆ ಗಾಡಿ ಹೋಗಿ ಗುದ್ದೋದೂ ಹೌದು, ಸಂತೇಲಿ ಪರಿಚಯದವರು ಅಕಸ್ಮಾತ್ ಸಿಗೋದೂ ಹೌದು. ಇದರ ನಡುವೆ ಏನೂ ತೂರಿಸೋ ಹಾಗಿಲ್ಲ, ‘ರ‍್ಯಾನ್ ಇನ್‌ಟು ಹಿಮ್’ ಅಂತಲೇ ಬರೀಬೇಕು. ‘ರನ್ ಡೌನ್’ ನಡುವೆ ಮಾತ್ರ ‘ಹಿಮ್’ ಬಂದೇ ಬರುತ್ತೆ: ‘ರನ್ ಹಿಮ್ ಡೌನ್’, ಅಂದ್ರೆ ಅವನ ಮೇಲೆ ಗಾಡಿ ಹರಿಸು ಅಂತ, ಇಲ್ಲಾ ಅವನನ್ನ ಹೀಗಳೆ ಅಂತ. ಎರಡರಲ್ಲಿ ಯಾವುದು ಅನ್ನೋದು ವಾಕ್ಯದಲ್ಲಿ ಗಾಡಿ ಇದೆಯಾ ಇಲ್ವಾ ನೋಡಿದ್ರೆ ಗೊತ್ತಾಗುತ್ತೆ.

ನಾಮಪದದಲ್ಲಿ ಒಂದನ್ನ ಮಾತ್ರ ಹೇಳ್ತೀನಿ, ಅಪ್ಪ ಪೇಪರ್ ಓದುವಾಗ ಬೇಕಾಗುತ್ತೆ. ‘ರನ್ ಆನ್ ಎ ಬ್ಯಾಂಕ್’ ಅಂದ್ರೆ ಬ್ಯಾಂಕ್ ಮುಳುಗುತ್ತೆ ಅನ್ನೋ ಭಯಕ್ಕೆ ದುಡ್ಡಿಟ್ಟವರೆಲ್ಲ ಒಟ್ಟಿಗೆ ಬಂದು ವಾಪಸ್ ಕೇಳೋದು. ಬ್ಯಾಂಕಿನವರು ಆ ದುಡ್ಡನ್ನ ಸಾಲ ಕೊಟ್ಟಿರ್ತಾರಲ್ಲ, ಒಂದೇ ದಿನ ಎಲ್ಲಿಂದ ತರ್ತಾರೆ? ಚೀಟಿ ನಡೆಸೋರ ಮನೆ ಮುಂದೆ ದುಡ್ಡು ಕಟ್ಟಿದ ಜನ ಸೇರೋದನ್ನ ನೆನೆಸ್ಕೊ.

ಕಾಲದ ರೂಪ ಮರೀಬೇಡ: ರನ್, ರ‍್ಯಾನ್, ರನ್. ‘ಹ್ಯಾಸ್ ರ‍್ಯಾನ್’ ಅಂತ ಬರೆದ್ರೆ ಅಂಕ ಹೋಯ್ತು, ಹ್ಯಾಸ್, ಹ್ಯಾವ್, ಹ್ಯಾಡ್ ಮೂರರ ಪಕ್ಕಾನೂ ‘ರನ್’ ಅಷ್ಟೇ.

ನೋಟ್‌ಬುಕ್ಕಿನಲ್ಲಿ ‘ರನ್ = ಓಡು’ ಅಂತ ಬರೆದಿದ್ರೆ ಹೊಡೆದುಹಾಕು (ನೋಡು, ಮತ್ತೆ ಹೊಡೆ ಬಂತು). ಎಡಗಡೆ ಇಡೀ ವಾಕ್ಯ ಬರಿ, ಬಲಗಡೆ ಅಮ್ಮ ಅದನ್ನೇ ಹೇಗೆ ಹೇಳ್ತಾಳೋ ಹಾಗೆ ಬರಿ. ದಿನಕ್ಕೆ ಮೂರು ಸಾಕು. ಹತ್ತು ವಾಕ್ಯ ಆದಮೇಲೆ ಫೋಟೊ ತೆಗೆದು ಕಳಿಸು, ತಿದ್ದಿ ಕಳಿಸ್ತೀನಿ. ಅದರಲ್ಲಿ ಕಾಲಿಂದ ಓಡೋದು ಒಂದಕ್ಕಿಂತ ಹೆಚ್ಚು ಇರಬಾರದು.

ಅಜ್ಜಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಅಕ್ಕ