ಗೆಳೆಯನಿಗೊಂದು ಪತ್ರ: ರೇಣುಕಾಗೆ ಮೊದಲು ನೀರು ಸಿಗಲಿ

ಬಾಗಲಕೋಟೆ, ನವನಗರ

ಪ್ರೀತಿಯ ಗೆಳೆಯಾ,

ಬೇರೆ ಲೋಕದವರು ವಿಜಯಪುರಕ್ಕೆ ಬಂದಿಳಿಯುವ ನಿನ್ನ ಕಾದಂಬರಿ ಕೈಗೆ ಬಂದು ಹತ್ತು ದಿನ ಆಯಿತು. ಎರಡು ಸಲ ಓದಿದೆ. ಮೊದಲ ಸಲ ಒಂದೇ ರಾತ್ರಿಯಲ್ಲಿ ಮುಗಿಸಿದೆ, ಎರಡನೇ ಸಲ ಪೆನ್ಸಿಲ್ ಹಿಡಿದು ಕುಳಿತೆ. ಮಕ್ಕಳಿಗಾಗಿ ಬರೆಯುವ ಬೇರೆಯವರೂ ಓದುವ ಹಾಗೆ ಬರಿ ಅಂತ ನೀನೇ ಹೇಳಿದ್ದೆ, ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಶುರುವಿನ ಪುಟಗಳು ನನಗೆ ತುಂಬಾ ಹಿಡಿಸಿದವು. ಬೆಳಗಿನ ಜಾವ ವಿಜಯಪುರದ ನಾಯಿಗಳೆಲ್ಲ ಒಮ್ಮೆಲೇ ಸುಮ್ಮನಾಗುತ್ತವೆ. ಹತ್ತನೇ ಕ್ಲಾಸಿನ ರೇಣುಕಾ ಉಪ್ಪಲಿ ಬುರುಜಿನ ಮೆಟ್ಟಿಲ ಮೇಲೆ ನಿಂತು ಊರಿನ ಮೇಲೆ ಬಿದ್ದ ಆ ದೊಡ್ಡ ನೆರಳನ್ನು ನೋಡುತ್ತಾಳೆ. ಬೇರೆ ಲೋಕದವರು ಅಮೆರಿಕದಲ್ಲೇ ಯಾಕೆ ಇಳಿಯಬೇಕು, ನಮ್ಮ ಕಡೆಗೂ ಬರಲಿ ಅಂತ ನಾವು ಹೈಸ್ಕೂಲಿನಲ್ಲಿ ಮಾತಾಡಿಕೊಂಡಿದ್ದು ನೆನಪಾಯಿತು. ನೀನು ಅದನ್ನು ನಿಜವಾಗಿ ಬರೆದೆ. ಖುಷಿ ಆಯಿತು.

ಈಗ ಪೆನ್ಸಿಲ್ ಗುರುತುಗಳಿಗೆ ಬರುತ್ತೇನೆ. ಕರೆಂಟ್ ಹೋಗಿ ಮೂರು ದಿನ ಆಗುತ್ತದೆ, ಫೋನ್ ಇಲ್ಲ, ಬಸ್ಸಿಲ್ಲ. ಆ ಮೂರು ದಿನದಲ್ಲಿ ನಿನ್ನ ಪುಸ್ತಕದಲ್ಲಿ ಒಬ್ಬರಿಗೂ ಬಾಯಾರಿಕೆ ಆಗುವುದಿಲ್ಲ. ಅದೂ ಏಪ್ರಿಲ್ ತಿಂಗಳಲ್ಲಿ! ರೇಣುಕಾ ಓಡುತ್ತಾಳೆ, ಅಡಗುತ್ತಾಳೆ, ಕಲ್ಲು ಎಸೆಯುತ್ತಾಳೆ, ಆದರೆ ಆರು ವರ್ಷದ ತಮ್ಮ "ಅಕ್ಕಾ, ನೀರು" ಅನ್ನುವುದೇ ಇಲ್ಲ. ಬದುಕಿ ಉಳಿಯುವ ಕಥೆ ಅಂದರೆ ಅಲ್ಲಿಂದಲೇ ಶುರು ಅಲ್ವಾ? ಕರೆಂಟ್ ಹೋದರೆ ಬೋರ್‌ವೆಲ್ ಸತ್ತ ಹಾಗೆ. ಕೃಷ್ಣೆಯ ನೀರು ಮೋಟರ್ ಇಲ್ಲದೆ ನಿಮ್ಮ ಊರಿಗೆ ಏರಿ ಬರುವುದಿಲ್ಲ. ಓವರ್‌ಹೆಡ್ ಟ್ಯಾಂಕಿನಲ್ಲಿ ಉಳಿದದ್ದು ಎಷ್ಟು ಹೊತ್ತು?

ಆದರೆ ನಿಮ್ಮ ಊರಿನಲ್ಲಿ ಕರೆಂಟ್ ಅನ್ನುವುದು ಹುಟ್ಟುವ ಮೊದಲೇ ನೀರಿನ ವ್ಯವಸ್ಥೆ ಇತ್ತು. 1651ರ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು, ಬರೀ ಇಳಿಜಾರಿನ ಬಲದಿಂದ. ಅಲ್ಲಲ್ಲಿ ಆ ಕಲ್ಲಿನ ಗಂಜ್‌ಗಳು, ಅಂದರೆ ನೀರಿನ ಗೋಪುರಗಳು, ಇನ್ನೂ ನಿಂತಿವೆ. ದಿನಾ ಅವುಗಳ ಪಕ್ಕದಲ್ಲೇ ಬೈಕಿನಲ್ಲಿ ಹೋಗುತ್ತೀಯ. 1620ರ ದೊಡ್ಡ ಮೆಟ್ಟಿಲು ಬಾವಿ, ತಾಜ್ ಬಾವಡಿ ಇದೆ. ರೇಣುಕಾ ರಾತ್ರಿ ಆ ದೊಡ್ಡ ಕಮಾನಿನ ಕೆಳಗೆ ಕೊಡ ಹಿಡಿದು ಇಳಿಯಲಿ. ಆ ನೀರು ಹಾಗೇ ಕುಡಿಯುವಂಥದ್ದಲ್ಲ. ಸೀರೆ ಬಟ್ಟೆಯಲ್ಲಿ ಸೋಸಬೇಕು, ಕುದಿಸಬೇಕು. ಕುದಿಸಲು ಬೆಂಕಿ ಬೇಕು. ಬೆಂಕಿ ಹಚ್ಚಿದರೆ ಮೇಲಿನವರಿಗೆ ಕಾಣುತ್ತದೆ. ನೋಡು, ಒಂದು ಕೊಡ ನೀರಿನಲ್ಲೇ ನಿನಗೆ ಇಡೀ ಅಧ್ಯಾಯ ಸಿಗುತ್ತದೆ.

ಇನ್ನೊಂದು. ಮಕ್ಕಳು ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಕುಳಿತು ತಪ್ಪಿಸಿಕೊಳ್ಳುವ ಉಪಾಯ ಮಾತಾಡುತ್ತಾರೆ. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೂ ಸುಮಾರು 38 ಮೀಟರ್ ಆಚೆ, ಎದುರಿನ ಗೋಡೆಯ ಹತ್ತಿರ ಕುಳಿತವರಿಗೆ ಕೇಳುತ್ತದೆ. ಇದನ್ನು ತೆಗೆಯಬೇಡ, ತಿರುಗಿಸು. ಮಕ್ಕಳು ಬಾಯಿ ಮುಚ್ಚಿ ಕುಳಿತಿರಲಿ, ಎದುರಿನ ಗೋಡೆಯಿಂದ ಯಾರದೋ ಉಸಿರು ಕೇಳಿಸಲಿ. ಬರೆಯುತ್ತಿರುವಾಗಲೇ ನನಗೆ ಮೈ ಜುಂ ಅಂತು.

ನನಗೆ ನಿಜವಾಗಿ ನೋವಾಗಿದ್ದು ಎರಡನೇ ಅಧ್ಯಾಯದಲ್ಲಿ. ರೇಣುಕಾಳ ಅಜ್ಜಿ, ಆ ಆಯಿಯನ್ನು ಅಷ್ಟು ಬೇಗ ಯಾಕೆ ಸಾಯಿಸಿದೆ? ಇಂಥ ಕಥೆಗಳಲ್ಲಿ ಹಾಗೇ ಮಾಡುತ್ತಾರೆ, ನನಗೂ ಗೊತ್ತು. ದೊಡ್ಡವರು ಮೊದಲೇ ಹೋಗಬೇಕು, ಆಗಲೇ ಮಕ್ಕಳು ತಾವೇ ನಿರ್ಧಾರ ಮಾಡುತ್ತಾರೆ. ಅಪ್ಪ, ಅವ್ವ ಹುಬ್ಬಳ್ಳಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಅಷ್ಟು ಸಾಕಲ್ಲ? ಆಯಿಯನ್ನು ಉಳಿಸು. ಅವಳಿಗೆ ಓಡಲು ಆಗುವುದಿಲ್ಲ, ಅವಳನ್ನು ಬಿಟ್ಟು ಹೋಗಲು ರೇಣುಕಾಗೆ ಆಗುವುದಿಲ್ಲ. ಅದಕ್ಕಿಂತ ಕಷ್ಟದ ನಿರ್ಧಾರ ಆ ಹುಡುಗಿಗೆ ಬೇರೆ ಯಾವುದಿದೆ? ಮತ್ತೆ ಆಯಿಗೆ ಗೊತ್ತಿರುವುದು ಇನ್ಯಾರಿಗೂ ಗೊತ್ತಿಲ್ಲ.

ನಮ್ಮ ಆಯಿಯ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಹಾಕಿದರು. ಅದರ ಹಿನ್ನೀರು ಬಂದು ನಮ್ಮ ಊರು ಮುಳುಗಿದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ಅಷ್ಟು ವರ್ಷ ನಮ್ಮವರು "ನೀರು ಬರತೈತಿ" ಎಂದು ಕೇಳುತ್ತಲೇ ಇದ್ದರು. ಸರ್ವೇದವರು ಬಂದು ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋದರು. ಆ ನಂಬರಿನ ಅರ್ಥ ನಮಗೆ ಯಾರೂ ಹೇಳಲಿಲ್ಲ. ಅಣೆಕಟ್ಟಿನ ನೀರು ನಿಲ್ಲುವ ಮಟ್ಟ 519.6 ಮೀಟರ್ ಅಂದರೆ ನಮ್ಮ ಮನೆಯ ಯಾವ ಮೆಟ್ಟಿಲು ಎಂದು ಆಯಿ ಕೇಳಿದ್ದಳು. ನಿನ್ನ ಕಥೆಯ ಆಕಾಶದವರು ಮನೆ ಮನೆಗೂ ಗುರುತು ಹಾಕುವ ಪುಟ ಓದುವಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕುಳಿತಿದ್ದೆ.

ಊರು ಬಿಡುವ ಮುಂಚೆ ಹಗೇವು ತೆಗೆದರು. ನೀನು ಪೇಟೆಯವನು, ನೋಡಿರಲಿಕ್ಕಿಲ್ಲ. ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು. ಸುತ್ತಲೂ ಒಣ ಹುಲ್ಲು ಒತ್ತಿರುತ್ತಾರೆ, ಮೇಲೆ ಕಲ್ಲು ಹಾಕಿ ಮಣ್ಣು ಮೆತ್ತಿರುತ್ತಾರೆ. ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಕಲ್ಲು ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯುವ ಹಾಗಿಲ್ಲ. ಮುಚ್ಚಿದ ಜಾಗದಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿಸಿರುತ್ತದೆ, ಕೆಟ್ಟ ಗಾಳಿ ತಳದಲ್ಲಿ ನಿಂತಿರುತ್ತದೆ. ಅಂದು ಕಾಕಾ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ಸಣ್ಣದಾಯಿತು. ಇನ್ನೂ ಒಂದು ಮೊಳ ಬಿಟ್ಟ, ಆರಿತು. ನಾನು ಬಗ್ಗಿ ನೋಡುತ್ತಿದ್ದೆ. ಆಯಿ ಹಿಂದಿನಿಂದ ನನ್ನ ಅಂಗಿಯ ಕಾಲರ್ ಹಿಡಿದಿದ್ದಳು, ಬಟನ್ ಕಿತ್ತುಹೋಗುವಷ್ಟು ಬಿಗಿಯಾಗಿ. ಒಂದು ದಿನ ಬಾಯಿ ತೆರೆದು ಬಿಟ್ಟರು. ಮರುದಿನ ಕಂದೀಲು ತಳದ ತನಕ ಉರಿಯಿತು, ಆಮೇಲೆ ಕಾಕಾ ಇಳಿದ.

ನಿನ್ನ ಮಕ್ಕಳಿಗೆ ಅಡಗಲು ಜಾಗ ಬೇಕು, ತಿನ್ನಲು ಕಾಳು ಬೇಕು. ಯಾವುದಾದರೂ ಹಳ್ಳಿಯ ಹಗೇವು ಅವೆರಡನ್ನೂ ಕೊಡುತ್ತದೆ. ದುಡುಕಿ ಇಳಿದವರನ್ನು ಕೊಲ್ಲಲೂಬಹುದು. ಕಂದೀಲಿನ ಗುಟ್ಟು ಗೊತ್ತಿರುವುದು ಆಯಿಗೆ ಒಬ್ಬಳಿಗೇ. ಈಗ ಹೇಳು, ಅವಳನ್ನು ಸಾಯಿಸುತ್ತೀಯಾ? ಮಕ್ಕಳ ಚೀಲದಲ್ಲಿ ಬಿಸ್ಕತ್ತು ಬೇಡ. ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ ಇರಲಿ. ತಿಂಗಳಾದರೂ ಏನೂ ಆಗುವುದಿಲ್ಲ.

ಕೊನೆಯ ಅಧ್ಯಾಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಿಲಿಟರಿ ಬಂದು ಎಲ್ಲ ಸರಿಮಾಡುವುದು ನನಗೆ ಒಪ್ಪಿಗೆ ಆಗಲಿಲ್ಲ. ಎಚ್.ಜಿ. ವೆಲ್ಸ್ 1898ರ 'ದಿ ವಾರ್ ಆಫ್ ದಿ ವರ್ಲ್ಡ್ಸ್'ನಲ್ಲಿ ಮಂಗಳದವರನ್ನು ಕೊಲ್ಲಿಸಿದ್ದು ಕಣ್ಣಿಗೆ ಕಾಣದ ರೋಗಾಣುಗಳಿಂದ. ಮನುಷ್ಯ ಎಷ್ಟು ಸಣ್ಣವನು ಅಂತ ಆ ಕಥೆ ಮೊದಲ ಪುಟದಿಂದಲೇ ಹೇಳುತ್ತಾ ಬಂದಿದೆ, ಆದ್ದರಿಂದ ಅಲ್ಲಿ ಅದು ಸರಿ. ಹದಿನೈದು ವರ್ಷದವರಿಗೆ ಬರೆಯುವಾಗ ಬೇರೆ ಲೆಕ್ಕ. 1967ರಲ್ಲಿ ಜಾನ್ ಕ್ರಿಸ್ಟೋಫರ್ ಬರೆದ ಒಂದು ಕಾದಂಬರಿ ಇದೆ. ಅದರಲ್ಲಿ 14 ವರ್ಷ ತುಂಬಿದ ಪ್ರತಿಯೊಬ್ಬರ ತಲೆಗೂ ಲೋಹದ ಟೋಪಿ ಕೂರಿಸುತ್ತಾರೆ, ಆಮೇಲೆ ಅವರು ಎದುರು ಮಾತಾಡುವುದಿಲ್ಲ. ಹುಡುಗರು ಅದಕ್ಕೆ ಮೊದಲೇ ಮನೆ ಬಿಟ್ಟು ಓಡುತ್ತಾರೆ. ಆ ನಿರ್ಧಾರ ಅವರದೇ. ರೇಣುಕಾಗೂ ಹಾಗೆ ಒಂದು ಬೇಕು.

ನಮ್ಮ ಜಿಲ್ಲೆಯ ಹಲಗಲಿಯನ್ನು ನೆನಪು ಮಾಡಿಕೋ. 1857ರಲ್ಲಿ ಹತಾರ ಒಪ್ಪಿಸಿ ಎಂದು ಇಂಗ್ಲಿಷರು ಹೇಳಿದಾಗ ಬೇಡರು ಕೊಡಲಿಲ್ಲ. ಇಂಗ್ಲಿಷರು ಊರು ಸುಟ್ಟರು, ಲಾವಣಿ ಇವತ್ತಿಗೂ ಉಳಿದಿದೆ. ನಿನ್ನ ಕಥೆಯಲ್ಲಿ ಆಕಾಶದವರು ಎಲ್ಲರೂ ಬಂದು ಹೆಸರು ಬರೆಸಿ ಅನ್ನುತ್ತಾರೆ, ಜನ ಸಾಲು ನಿಲ್ಲುತ್ತಾರೆ. ಅಲ್ಲಿ ನಿಂತವರನ್ನು ಕೆಟ್ಟವರು ಎಂದು ಬರೆಯಬೇಡ. ಅವರ ಕಂಕುಳಲ್ಲೂ ಮಕ್ಕಳಿದ್ದಾರೆ. ರೇಣುಕಾ ಮಾತ್ರ ಸಾಲು ಬಿಟ್ಟು ಹೊರಡಲಿ, ತಮ್ಮನ ಕೈ ಹಿಡಿದು, ಆಯಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು.

ಮೇ ತಿಂಗಳಲ್ಲಿ ಹಿನ್ನೀರು ಇಳಿದಿರುತ್ತದೆ. ಹೋದ ವರ್ಷ ನಮ್ಮ ಊರಿನ ಗುಡಿಯ ಕಟ್ಟೆ ಕಂಡಿತ್ತು, ಅದರಾಚೆ ಹಗೇವಿನ ಬಾಯಿಯ ಕಲ್ಲೂ ಕಂಡಿತ್ತು. ಒಂದು ಭಾನುವಾರ ಬೆಳಗಿನ ಬಸ್ಸಿಗೆ ಬಾ. ನೋಟ್‌ಬುಕ್ ತಾ. ಕೆಸರು ಇರುತ್ತದೆ, ಹಳೆಯ ಚಪ್ಪಲಿ ಹಾಕಿಕೊಂಡು ಬಾ. ಬುತ್ತಿ ಅವ್ವ ಕಟ್ಟಿಕೊಡುತ್ತಾಳೆ.

ನಿನ್ನ ಗೆಳೆಯ